ಬೇಸಿಗೆ ರಜೆನಾ ದಸರಾ ರಜೆನಾ? ಎಸ್ಸೆಸ್ಸೆಲ್ಸಿ ಮಕ್ಕಳ ಓದಿಗೆ ಯಾವ ರಜೆ, ಯಾವ ದಾರಿ

ಪ್ರತಿ ವರ್ಷ ಮಾರ್ಚ್ ಕೊನೆ ಬಂತು ಅಂದ್ರೆ ಒಂಬತ್ತನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರು ಸ್ಕೂಲ್ ಗೇಟ್ ಹತ್ರ ನಿಲ್ಲಿಸಿ ಕೇಳೋದು ಒಂದೇ, ಮೇಡಂ ಈ ರಜೆಲಿ ಎಲ್ಲಿಗೆ ಹಾಕೋಣ, ಶಿವಮೊಗ್ಗದಲ್ಲಿ ವೆಕೇಶನ್ ಬ್ಯಾಚ್ ಶುರುವಾಗಿದೆಯಂತೆ, ಪಕ್ಕದ ಮನೆಯವ್ರು ಆಗ್ಲೇ ದುಡ್ಡು ಕಟ್ಟಿದಾರಂತೆ. ನಾನು ಮಲೆನಾಡಿನ ಒಂದು ತಾಲೂಕಿನ ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋಳು, ಹದಿನಾಲ್ಕು ವರ್ಷದಿಂದ ಹತ್ತನೇ ಕ್ಲಾಸ್ ನನ್ನ ಕೈಲೇ ಇದೆ, ನನ್ನ ಮಗಳೂ ಇದೇ ಪರೀಕ್ಷೆ ಬರೆದು ಹೋದ್ಲು. ಎಲ್ರಿಗೂ ಗೇಟ್ ಹತ್ರ ನಿಂತು ಐದು ನಿಮಿಷದಲ್ಲಿ ಹೇಳೋಕಾಗಲ್ಲ ಅಂತ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದ್ಲೇ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಎಲ್ರೂ ಬೇಸಿಗೆ ರಜೆ ಮೇಲೆ ದುಡ್ಡು, ಟೈಮು, ಟೆನ್ಷನ್ ಎಲ್ಲಾ ಸುರೀತಾರೆ, ದಸರಾ ರಜೆನ ಹಬ್ಬ ನೆಂಟರ ಮನೆ ಅಂತ ಬಿಟ್ಟುಬಿಡ್ತಾರೆ. ಆದ್ರೆ ಮಾರ್ಕ್ಸ್ ಏರೋದು ದಸರಾ ರಜೆಲಿ. ಯಾಕೆ ಅಂತ ಕೆಳಗೆ ಹೇಳ್ತೀನಿ.

ಕ್ಯಾಲೆಂಡರ್ ಇಟ್ಕೊಂಡು ಒಂದ್ಸಲ ನೋಡಿ. ನಮ್ಮ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರ ತನಕ, ಅಂದ್ರೆ ಹತ್ರ ಹತ್ರ 48 ದಿನ. ದಸರಾ ರಜೆ ಸುಮಾರು 18 ದಿನ, 2024ರಲ್ಲಿ ಅಕ್ಟೋಬರ್ 3ರಿಂದ 20 ಇತ್ತು, 2025ರಲ್ಲಿ ಸೆಪ್ಟೆಂಬರ್ 20ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗೀಬೇಕಿತ್ತು, ಮೇಷ್ಟ್ರುಗಳೆಲ್ಲಾ ಜಾತಿ ಸಮೀಕ್ಷೆಗೆ ಹೋಗಿದ್ರಿಂದ ಸರ್ಕಾರಿ ಮತ್ತೆ ಅನುದಾನಿತ ಶಾಲೆಗಳಿಗೆ 18ರ ತನಕ ಎಳೀತು. ಆಮೇಲೆ ಗಣೇಶನ ಹಬ್ಬ, ದೀಪಾವಳಿ, ಸಂಕ್ರಾಂತಿ ಅಂತ ಎರಡು ಮೂರು ದಿನದ ತುಂಡು ರಜೆಗಳು. ಇನ್ನೊಂದು ಯಾರೂ ಲೆಕ್ಕಕ್ಕೆ ತಗೊಳ್ಳದ ರಜೆ ಇದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ರಿಸಲ್ಟ್ ಬಂದ ಮೇಲೆ, ಇನ್ನೊಂದ್ಸಲ ಬರೆಯೋಕೆ ಇರೋ ಪರೀಕ್ಷೆ-2ರ ತನಕ ಸಿಗೋ ಮೂರ್ನಾಲ್ಕು ವಾರ, ಅದನ್ನ ಕೊನೇಲಿ ಹೇಳ್ತೀನಿ.

ಬೇಸಿಗೆ ರಜೆ

48 ದಿನ ಅಂದ್ರೆ ದೊಡ್ಡದೇ, ಆದ್ರೆ ಆ ಟೈಮಲ್ಲಿ ಮಗುಗೆ ಹತ್ತನೇ ಕ್ಲಾಸ್ ಪಾಠ ಒಂದೂ ಆಗಿರಲ್ಲ, ಪರೀಕ್ಷೆ ಇನ್ನೂ ಹನ್ನೊಂದು ತಿಂಗಳು ದೂರ. ವೆಕೇಶನ್ ಬ್ಯಾಚಲ್ಲಿ ಏನು ಮಾಡ್ತಾರೆ ಅಂದ್ರೆ ನಲವತ್ತು ದಿನಕ್ಕೆ ಗಣಿತ ವಿಜ್ಞಾನದ ಅರ್ಧ ಸಿಲಬಸ್ ಓಡಿಸ್ತಾರೆ. ನನ್ನ ಮಗಳನ್ನೂ ನಾನು ಹಾಕಿದ್ದೆ, ನಾನೇ ಗಣಿತ ಟೀಚರ್ ಆದ್ರೂ ಮನೇಲಿ ಅಮ್ಮನ ಮಾತು ಕೇಳಲ್ಲ ಅಂತ, ಹದಿನೈದು ಸಾವಿರ ಕಟ್ಟಿ ಶಿವಮೊಗ್ಗದಲ್ಲಿ ನಮ್ಮಕ್ಕನ ಮನೇಲಿ ಬಿಟ್ಟು. ಅವ್ಳು ಚೆನ್ನಾಗೇ ಹೋದ್ಲು, ನೋಟ್ಸ್ ತುಂಬಾ ಬರ್ಕೊಂಡು ಬಂದ್ಲು. ಜೂನಲ್ಲಿ ಸ್ಕೂಲಲ್ಲಿ ಅದೇ ಸಮಾಂತರ ಶ್ರೇಢಿ ಶುರುವಾದಾಗ ಇದು ಆಗಿದೆ ಅಂತ ಕಿವಿ ಮುಚ್ಕೊಂಡು ಕೂತ್ಲು, ಸೆಪ್ಟೆಂಬರ್ ಮಿಡ್‌ಟರ್ಮಲ್ಲಿ 80ಕ್ಕೆ 41. ಕಾರಣ ಏನು ಅಂತ ಪೇಪರ್ ಬಿಡಿಸಿ ನೋಡಿದ್ರೆ ಸೂತ್ರ ಎಲ್ಲಾ ಗೊತ್ತು, ಆದ್ರೆ ಮಧ್ಯದಲ್ಲಿ ಮೈನಸ್ ಚಿಹ್ನೆ ತಪ್ಪತ್ತೆ, ಅಪವರ್ತನ ಮಾಡೋಕೆ ಬರಲ್ಲ. ಅಪವರ್ತನ ಹತ್ತನೇ ಕ್ಲಾಸಿನ ಪಾಠ ಅಲ್ಲ, ಎಂಟು ಒಂಬತ್ತನೇ ಕ್ಲಾಸಿಂದು. ಅದನ್ನ ನಾನು ಹದಿನಾಲ್ಕು ವರ್ಷದಿಂದ ಬೇರೆ ಮಕ್ಕಳಲ್ಲಿ ನೋಡ್ತಾ ಬಂದಿದೀನಿ, ನನ್ನ ಮಗಳಲ್ಲಿ ನೋಡ್ಲಿಲ್ಲ ಅನ್ನೋದು ಈಗ್ಲೂ ನನಗೆ ಬೇಜಾರು.

ಹಾಗಾಗಿ ಬೇಸಿಗೆ ರಜೆನ ಮುಂದಿನ ಪಾಠ ಓಡಿಸೋಕೆ ಬಳಸ್ಬೇಡಿ, ಹಿಂದಿನದ್ದು ಗಟ್ಟಿ ಮಾಡೋಕೆ ಬಳಸಿ ಅಂತ ನಾನು ಹೇಳೋದು. ಯಾವ ಯಾವ್ದು ಅಂದ್ರೆ ಗಣಿತದಲ್ಲಿ ಋಣ ಸಂಖ್ಯೆಗಳ ಲೆಕ್ಕ, ಭಿನ್ನರಾಶಿ, ಅಪವರ್ತನ, ತ್ರಿಭುಜಗಳ ಸರ್ವಸಮತೆ. ಸರ್ವಸಮತೆ ಬರ್ದೇ ಇದ್ರೆ ಹತ್ತರಲ್ಲಿ ಸಮರೂಪತೆ ತಲೆಗೆ ಹತ್ತಲ್ಲ, ಅಪವರ್ತನ ಬರ್ದೇ ಇದ್ರೆ ವರ್ಗ ಸಮೀಕರಣ ಅಲ್ಲೇ ನಿಲ್ಲತ್ತೆ. ವಿಜ್ಞಾನದಲ್ಲಿ ಧಾತುಗಳ ಚಿಹ್ನೆ ಮತ್ತೆ ವೇಲೆನ್ಸಿ, ಇದು ಒಂದು ಬಾಯಿಪಾಠ ಆಗಿಬಿಟ್ರೆ ರಾಸಾಯನಿಕ ಸಮೀಕರಣ ಸರಿದೂಗಿಸೋದು ಆಟ ಆಗತ್ತೆ, ಇಲ್ಲಾಂದ್ರೆ ವರ್ಷ ಪೂರ್ತಿ ಗೋಳು. ಕನ್ನಡದಲ್ಲಿ ಸಂಧಿ, ಸಮಾಸ, ಷಟ್ಪದಿ ಪ್ರಸ್ತಾರ ಹಾಕೋದು. ಇಂಗ್ಲಿಷಲ್ಲಿ ಟೆನ್ಸ್. ಇಷ್ಟಕ್ಕೆ ದಿನಕ್ಕೆ ಎರಡು ಗಂಟೆ, ತಿಂಗಳಲ್ಲಿ ಇಪ್ಪತ್ತೈದು ದಿನ ಸಾಕು, ಉಳಿದಿದ್ದು ಮಾವಿನಹಣ್ಣು, ಅಜ್ಜಿ ಮನೆ, ಕ್ರಿಕೆಟ್, ಕೆರೆ ಏರಿ. ಅದನ್ನ ಕಿತ್ಕೊಂಡ್ರೆ ಮಗು ಜೂನ್ ಬರೋಷ್ಟರಲ್ಲೇ ಸುಸ್ತಾಗಿರತ್ತೆ, ಹತ್ತನೇ ಕ್ಲಾಸಲ್ಲಿ ಮತ್ತೆ ಅಂಥ ರಜೆ ಸಿಗಲ್ಲ.

ಹಾಗಂದ್ರೆ ವೆಕೇಶನ್ ಬ್ಯಾಚ್ ಯಾರಿಗೂ ಬೇಡ್ವಾ? ಹಾಗಲ್ಲ. ಒಂಬತ್ತನೇ ಕ್ಲಾಸಲ್ಲಿ ಶೇಕಡಾ ಎಂಬತ್ತರ ಮೇಲೆ ಬರ್ತಿರೋ, ತಾನೇ ಕೂತು ಲೆಕ್ಕ ಬಿಡಿಸೋ ಅಭ್ಯಾಸ ಇರೋ ಮಗು, ಔಟ್ ಆಫ್ ಔಟ್ ಗುರಿ ಇಟ್ಕೊಂಡಿದ್ರೆ ಅದಕ್ಕೆ ಉಪಯೋಗ ಆಗತ್ತೆ. ಕನ್ನಡ ಮೀಡಿಯಂನಿಂದ ಇಂಗ್ಲಿಷ್ ಮೀಡಿಯಂಗೆ ಬದಲಾಗ್ತಿರೋ ಮಗುಗೂ ಆಗತ್ತೆ, ಪದಗಳ ಪರಿಚಯ ಆಗತ್ತಲ್ಲ. ಸೇರಿಸೋ ಮುಂಚೆ ಎರಡೇ ವಿಷಯ ಕೇಳಿ, ಒಂದು ಬ್ಯಾಚಲ್ಲಿ ಎಷ್ಟು ಮಕ್ಕಳು, ವಾರಕ್ಕೊಂದು ಟೆಸ್ಟ್ ಇಟ್ಟು ಪೇಪರ್ ತಿದ್ದಿ ಮನೆಗೆ ಕಳಿಸ್ತೀರಾ. ನೂರು ಮಕ್ಕಳನ್ನ ಹಾಲ್‌ನಲ್ಲಿ ಕೂರಿಸಿ ಬೋರ್ಡ್ ಮೇಲೆ ಬರೀತಾ ಹೋಗೋ ಜಾಗ ಆದ್ರೆ ಅದೇ ಪಾಠ ಮೊಬೈಲಲ್ಲಿ ಪುಕ್ಕಟೆ ಸಿಗತ್ತೆ.

ದಸರಾ ರಜೆ

ಈಗ ನನ್ನ ಇಷ್ಟದ ರಜೆಗೆ ಬರ್ತೀನಿ. ಸೆಪ್ಟೆಂಬರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರತ್ತೆ, ಸಿಲಬಸ್ ಅರ್ಧ ಆಗಿರತ್ತೆ, ಮಗುಗೆ ತನಗೆ ಏನು ಬರತ್ತೆ ಏನು ಬರಲ್ಲ ಅಂತ ಮೊದಲ ಸಲ ಗೊತ್ತಾಗಿರತ್ತೆ. ವಾರ್ಷಿಕ ಪರೀಕ್ಷೆಗೆ ಇನ್ನೂ ಐದು ತಿಂಗಳ ಮೇಲಿದೆ, ತಿದ್ಕೊಳ್ಳೋಕೆ ಸಾಕಷ್ಟು ಟೈಮು, ಆದ್ರೆ ಉದಾಸೀನ ಮಾಡೋಷ್ಟು ದೂರ ಅಲ್ಲ. ಈ ಮೂರೂ ಒಟ್ಟಿಗೆ ಬರೋದು ವರ್ಷದಲ್ಲಿ ಈ ಹದಿನೆಂಟು ದಿನ ಮಾತ್ರ.

ಎಲ್ಲಕ್ಕಿಂತ ಮುಖ್ಯ ಕೆಲಸ ಇದು: ರಜೆ ಕೊಡೋ ಮುಂಚೆ ಮಿಡ್‌ಟರ್ಮ್ ಉತ್ತರ ಪತ್ರಿಕೆ ಮನೆಗೆ ತನ್ನಿ. ಕೆಲವು ಸ್ಕೂಲಲ್ಲಿ ರಜೆ ಆದ್ಮೇಲೆ ತಿದ್ದಿ ಕೊಡ್ತಾರೆ, ಅಂಥ ಕಡೆ ಮೇಷ್ಟ್ರ ಹತ್ರ ಹೋಗಿ ವಿನಂತಿ ಮಾಡ್ಕೊಳ್ಳಿ, ಕನಿಷ್ಠ ಪ್ರಶ್ನೆಪತ್ರಿಕೆನಾದ್ರೂ ಜೋಪಾನ ಇಟ್ಕೊಳ್ಳಿ. ಉತ್ತರ ಪತ್ರಿಕೆ ಮುಂದೆ ಇಟ್ಕೊಂಡು ಹೋದ ಪ್ರತಿ ಮಾರ್ಕ್‌ಗೂ ಕಾರಣ ಬರೀಬೇಕು, ಗೊತ್ತೇ ಇರ್ಲಿಲ್ವಾ, ಗೊತ್ತಿದ್ದು ತಪ್ಪಾಯ್ತಾ, ಟೈಮ್ ಸಾಲ್ಲಿಲ್ವಾ. ನಾನು ನಮ್ಮ ಮಕ್ಕಳ ಕೈಲಿ ಇದನ್ನ ಮಾಡಿಸಿದಾಗೆಲ್ಲಾ ಕಂಡಿದ್ದು ಏನಂದ್ರೆ ಗೊತ್ತೇ ಇಲ್ಲದೆ ಹೋಗಿದ್ದಕ್ಕಿಂತ ಗೊತ್ತಿದ್ದೂ ಹೋಗಿರೋ ಮಾರ್ಕ್ಸೇ ಜಾಸ್ತಿ, ಅದನ್ನ ನೋಡಿದ್ ತಕ್ಷಣ ಮಗುನ ಮುಖದಲ್ಲಿ ಒಂದು ಧೈರ್ಯ ಬರತ್ತೆ, ನಂಗೆ ಬರಲ್ಲ ಅನ್ಕೊಂಡಿದ್ದೆ ಮಿಸ್ ಆದ್ರೆ ಬರತ್ತೆ ಅಂತ ಅದೇ ಹೇಳತ್ತೆ.

ಗಣಿತದ್ದೇ ಉದಾಹರಣೆ ಹೇಳ್ತೀನಿ. ಪೇಪರ್ 80 ಅಂಕಕ್ಕೆ, 20 ಆಂತರಿಕ, ಒಟ್ಟು 38 ಪ್ರಶ್ನೆ. ಅದ್ರಲ್ಲಿ ಬಹುಆಯ್ಕೆ 8, ಒಂದು ಅಂಕದ್ದು 8, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಐದು ಅಂಕದ್ದು 1. ಓದೋಕೆ ಹದಿನೈದು ನಿಮಿಷ ಸೇರಿ ಮೂರೂಕಾಲು ಗಂಟೆ. ನೋಡಿ, ಬಹುಆಯ್ಕೆ, ಒಂದು, ಎರಡು ಅಂಕದ್ದೇ ಸೇರಿ 32 ಆಯ್ತು, ಮೂರು ಅಂಕದ್ದೇ 27. ಮಕ್ಕಳು ಹೆದರೋದು ಕೊನೆಯ ಐದು ಅಂಕದ ಪ್ರಶ್ನೆಗೆ, ಹೆದರಿ ಹೆದರಿ ಮೂರು ಅಂಕದ್ದನ್ನ ಅಭ್ಯಾಸ ಮಾಡದೇ ಹೋಗ್ತಾರೆ. ದಸರಾ ರಜೆಲಿ ಎರಡು ಚರಾಕ್ಷರದ ಸಮೀಕರಣ ಗ್ರಾಫ್ ಹಾಕಿ ಬಿಡಿಸೋದು, ಥೇಲ್ಸ್ ಪ್ರಮೇಯ, ಸ್ಪರ್ಶಕದ ಪ್ರಮೇಯ, ಇಂಥವನ್ನ ನೋಡದೆ ಐದು ಸಲ ಬರೆದ್ರೆ ಮಾರ್ಚಲ್ಲಿ ಕೈ ತಾನಾಗೇ ಓಡತ್ತೆ. ಗ್ರಾಫ್ ಶೀಟ್ ಹಾಳೆ ಎರಡು ರೂಪಾಯಿಗೆ ಸಿಗತ್ತೆ, ಹತ್ತು ತಂದಿಡಿ.

ಬರೆಯೋದು ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು, 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆಲ್ಲಾ ವೆಬ್‌ಕಾಸ್ಟಿಂಗ್ ಕ್ಯಾಮರಾ ಬಂತು, ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿ ಕೂಡ ಶೇ. 73.40ಕ್ಕೆ ಇಳೀತು. ಇನ್ಮೇಲೆ ಹಾಲಲ್ಲಿ ಯಾರೂ ಕೈ ಹಿಡಿಯಲ್ಲ, ಮಗು ತಾನು ಬರ್ದಿದ್ದೇ ಸರಿ. ಕಣ್ಣಲ್ಲಿ ಓದಿ ಗೊತ್ತಾಯ್ತು ಅನ್ಕೊಳ್ಳೋದು ಬೇರೆ, ಬಿಳಿ ಹಾಳೆ ಮೇಲೆ ಬರೋದು ಬೇರೆ.

ದಸರಾಕ್ಕೆ ಯಾವ ದಾರಿ

ರಜೆ ಯಾವ್ದು ಅಂತ ಆಯ್ತು, ಇನ್ನು ಹೇಗೆ ಕಳೀಬೇಕು. ನಮ್ಮ ಕಡೆ ಸಿಗೋ ದಾರಿಗಳು ಅಂದ್ರೆ ಟ್ಯೂಷನ್, ಮನೇಲೇ ಸ್ವಂತ ಓದು, ಮೂರ್ನಾಲ್ಕು ಜನ ಸೇರಿ ಓದೋದು, ಮೊಬೈಲ್ ಪಾಠ, ಸ್ಕೂಲಲ್ಲೇ ಸ್ಪೆಷಲ್ ಕ್ಲಾಸ್ ಇಟ್ಟಿದ್ರೆ ಅದು.

ಸ್ಪೆಷಲ್ ಕ್ಲಾಸ್ ಇದ್ರೆ ಯೋಚನೆನೇ ಬೇಡ, ಕಳ್ಸಿ. ಮಗು ಎಲ್ಲಿ ಎಡವತ್ತೆ ಅಂತ ಗೊತ್ತಿರೋದು ಅದೇ ಮೇಷ್ಟ್ರಿಗೆ, ದುಡ್ಡೂ ಇಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಬಂದ ಮೇಲೆ, ಅಂದ್ರೆ 2023ರ ಜೂನ್‌ನಿಂದ, ಸರ್ಕಾರಿ ಬಸ್ ಚಾರ್ಜಿನ ಚಿಂತೆನೂ ಇಲ್ಲ, ನಮ್ಮ ಸ್ಕೂಲಿಗೆ ಹದಿನೆಂಟು ಕಿಲೋಮೀಟರ್ ದೂರದಿಂದ ರಜೆಲೂ ಬರೋ ಹುಡುಗಿಯರಿದ್ದಾರೆ.

ಟ್ಯೂಷನ್ ಬಗ್ಗೆ ನನ್ನ ಮಾತು, ದುಡ್ಡು ಖರ್ಚು ಮಾಡ್ಲೇಬೇಕು ಅಂತಿದ್ರೆ ಬೇಸಿಗೆ ಬ್ಯಾಚಿಗಿಂತ ಈ ಹದಿನೆಂಟು ದಿನಕ್ಕೆ ಮಾಡಿ, ಅದೂ ಎಲ್ಲಾ ವಿಷಯಕ್ಕಲ್ಲ, ಮಿಡ್‌ಟರ್ಮಲ್ಲಿ ಬಿದ್ದ ಒಂದು ಅಥವಾ ಎರಡು ವಿಷಯಕ್ಕೆ. ಊರಲ್ಲೇ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯ್ತಿರೋ ಹುಡುಗ್ರು ಹುಡುಗಿಯರು ಎಷ್ಟೋ ಜನ ಇರ್ತಾರೆ, ಅವರ ಹತ್ರ ದಿನಕ್ಕೆ ಒಂದೂವರೆ ಗಂಟೆ ನಿಮ್ಮ ಮಗು ಒಬ್ಬಂಟಿ ಕೂತು ಕೇಳೋದು ದೊಡ್ಡ ಊರಿನ ದೊಡ್ಡ ಬ್ಯಾಚಿಗಿಂತ ಎಷ್ಟೋ ವಾಸಿ.

ಸ್ವಂತ ಓದು ಎಲ್ರಿಗೂ ಆಗಲ್ಲ, ಇದನ್ನ ಒಪ್ಕೊಳ್ಳೋಣ. ತಾನಾಗೇ ಕೂರೋ ಮಗು ಆದ್ರೆ ಇದ್ರಷ್ಟು ಒಳ್ಳೇದು ಯಾವ್ದೂ ಇಲ್ಲ, ಪರೀಕ್ಷಾ ಮಂಡಳಿ ವೆಬ್‌ಸೈಟಲ್ಲಿ ಹಿಂದಿನ ವರ್ಷದ ಪ್ರಶ್ನೆಪತ್ರಿಕೆ, ಮಾದರಿ ಪತ್ರಿಕೆ ಎಲ್ಲಾ ಸಿಗತ್ತೆ, ಜೆರಾಕ್ಸ್ ಅಂಗಡಿಲಿ ಪ್ರಿಂಟ್ ಹಾಕಿಸ್ಕೊಂಡು ಬಂದು, ಆಗಿರೋ ಪಾಠದ ಪ್ರಶ್ನೆ ಮಾತ್ರ ಗುರುತು ಹಾಕಿ ಬಿಡಿಸ್ತಾ ಹೋಗೋದು. ಕೂರದೇ ಇರೋ ಮಗುಗೆ ಬೈದು ಕೂರ್ಸೋದ್ರಿಂದ ಪ್ರಯೋಜನ ಇಲ್ಲ, ಪುಸ್ತಕ ತೆಗೆದಿರತ್ತೆ, ಮನಸ್ಸು ಹೊರಗಿರತ್ತೆ. ಅಂಥ ಮಗುಗೆ ಜೊತೆ ಬೇಕು. ಮೂರು ಜನ ಸರಿ, ನಾಲ್ಕು ಜನಕ್ಕೆ ಮೇಲೆ ಆದ್ರೆ ಹರಟೆ ಶುರು. ಒಬ್ಬ ಬುದ್ಧಿವಂತ, ಇನ್ನಿಬ್ಬರು ಮಧ್ಯಮ ಇದ್ರೆ ಮೂರೂ ಜನಕ್ಕೂ ಲಾಭ, ಯಾಕಂದ್ರೆ ಹೇಳ್ಕೊಡೋನಿಗೆ ಇನ್ನೂ ಗಟ್ಟಿ ಆಗತ್ತೆ. ಮನೇಲಿ ಜಾಗ ಇಲ್ಲಾಂದ್ರೆ ಗ್ರಾಮ ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಟೇಬಲ್ ಫ್ಯಾನ್ ಎರಡೂ ಇರತ್ತೆ, ಎಷ್ಟೋ ಕಡೆ ಕಂಪ್ಯೂಟರ್ ಕೂಡ. ನಮ್ಮೂರಲ್ಲಿ ಹೋಗೋರೇ ಕಮ್ಮಿ, ದಯವಿಟ್ಟು ಬಳಸಿ.

ಮೊಬೈಲ್ ಪಾಠದ ವಿಷಯ ಸ್ವಲ್ಪ ಎಚ್ಚರ. ದೀಕ್ಷಾ ಆಪ್ ಇದೆ, ಪಠ್ಯಪುಸ್ತಕದಲ್ಲೇ ಇರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಆ ಪಾಠಕ್ಕೆ ಸಂಬಂಧಿಸಿದ್ದು ತೆರೆಯತ್ತೆ, ಕೋವಿಡ್ ಕಾಲದಲ್ಲಿ ಚಂದನ ವಾಹಿನಿಲಿ ಬಂದ ಸಂವೇದ ಪಾಠಗಳೂ ಕನ್ನಡದಲ್ಲಿ ಅಚ್ಚುಕಟ್ಟಾಗಿವೆ. ಒಂದು ಪಾಠ ಅರ್ಥ ಆಗಿಲ್ಲ ಅಂದಾಗ ಆ ಒಂದು ವಿಡಿಯೋ ನೋಡಿ ಮೊಬೈಲ್ ವಾಪಸ್ ಕೊಡೋದು ಸರಿ. ಬೆಳಗ್ಗೆಯಿಂದ ಸಂಜೆ ತನಕ ವಿಡಿಯೋ ನೋಡಿದ್ರೆ ಓದಿದ ಹಾಗೆ ಅನ್ಸತ್ತೆ ಅಷ್ಟೇ, ಪೆನ್ನು ಮುಟ್ಟಿರಲ್ಲ. ಅರ್ಧ ಗಂಟೆ ವಿಡಿಯೋಗೆ ಒಂದು ಗಂಟೆ ಬರವಣಿಗೆ, ಇದು ನಮ್ಮನೆ ಲೆಕ್ಕ.

ಕೆಲಸ ಇರೋ ಮನೆಗಳ ಬಗ್ಗೆ ಒಂದು ಮಾತು, ಇದು ನನ್ನ ಮನಸ್ಸಿಗೆ ಹತ್ರದ್ದು. ನಮ್ಮ ಕಡೆ ದಸರಾ ಆಸುಪಾಸಲ್ಲೇ ಅಡಿಕೆ ಕೊಯ್ಲು ಶುರುವಾಗತ್ತೆ, ಬಯಲುಸೀಮೆ ಕಡೆ ಹತ್ತಿ ಬಿಡಿಸೋದು. ರಜೆ ಅಂದ್ರೆ ಮಕ್ಕಳು ಮನೆ ಕೆಲಸಕ್ಕೆ ಕೈ ಜೋಡಿಸ್ತಾರೆ, ಅದು ತಪ್ಪಲ್ಲ, ಮನೆ ನಡೀಬೇಕಲ್ಲ. ಒಬ್ಬ ಹುಡುಗ ನಮ್ಮ ಸ್ಕೂಲಲ್ಲಿದ್ದ, ರಾತ್ರಿ ಹತ್ತರ ತನಕ ಅಮ್ಮನ ಜೊತೆ ಅಡಿಕೆ ಸುಲಿಯೋಕೆ ಹೋಗ್ತಿದ್ದ. ಅವ್ನಿಗೆ ನಾನು ದಿನಕ್ಕೆ ಆರು ಗಂಟೆ ಓದು ಅಂದ್ರೆ ಅದು ಅನ್ಯಾಯ ಆಗ್ತಿತ್ತು. ಬೆಳಗ್ಗೆ ಆರರಿಂದ ಎಂಟು ಮಾತ್ರ ನಿಂದು, ಅದನ್ನ ಯಾರಿಗೂ ಬಿಟ್ಕೊಡ್ಬೇಡ ಅಂದೆ, ಅವನ ಅಮ್ಮನಿಗೂ ಹೇಳಿದೆ, ಆ ಎರಡು ಗಂಟೆ ಕರೀಬೇಡಮ್ಮ ಅಂತ. ಮೊದಲ ಗಂಟೆ ಗಣಿತ, ಎರಡನೇದು ಒಂದು ದಿನ ವಿಜ್ಞಾನದ ಚಿತ್ರಗಳು, ಹೃದಯದ ನೀಳಛೇದ, ನೆಫ್ರಾನ್, ಮೆದುಳು, ಇನ್ನೊಂದು ದಿನ ಸಮಾಜದ ಭಾರತದ ನಕ್ಷೆ. ಮಿಡ್‌ಟರ್ಮಲ್ಲಿ ಗಣಿತ 22 ಇದ್ದಿದ್ದು ಪ್ರಿಪರೇಟರಿಲಿ, ಅಂದ್ರೆ ವಾರ್ಷಿಕ ಪರೀಕ್ಷೆಗೆ ಮುಂಚೆ ನಡೆಯೋ ತಯಾರಿ ಪರೀಕ್ಷೆಲಿ, 47 ಬಂತು. ರಜೆ ಮುಗ್ಸಿ ಬಂದಾಗ ಅವನ ಗಣಿತದ ನೋಟ್‌ಬುಕ್ಕಲ್ಲಿ ಬೆರಳಿನ ಅಡಿಕೆ ಕಲೆ ಎಲ್ಲಾ ಹಾಳೆ ಮೇಲೂ ಇತ್ತು, ಅದನ್ನ ನಾನು ಇವತ್ತಿಗೂ ಮರ್ತಿಲ್ಲ.

ಪಾಸಾದ್ರೆ ಸಾಕು ಅನ್ನೋ ಸ್ಥಿತಿಲಿರೋ ಮಗುಗೆ ದಾರಿ ಬೇರೆ. 2025-26ರಿಂದ ಒಟ್ಟು 625ಕ್ಕೆ 206 ಬರ್ಬೇಕು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಬರ್ಬೇಕು ಅಂತ ನಿಯಮ ಬಂದಿದೆ, ಅಂಥ ಮಗುನ ಮುಂದೆ ಪೂರ್ತಿ ಪುಸ್ತಕ ಇಟ್ಟು ಹೆದರಿಸ್ಬೇಡಿ. ಸ್ಕೂಲಲ್ಲಿ ಕೊಡೋ ಪಾಸಿಂಗ್ ಪ್ಯಾಕೇಜ್, ಅಂದ್ರೆ ಪಾಸಾಗೋಕೆ ಬೇಕಾದ ಮುಖ್ಯ ಪ್ರಶ್ನೆಗಳ ಕಟ್ಟು, ಇಟ್ಕೊಂಡು ಹದಿನೆಂಟು ದಿನದಲ್ಲಿ ಎರಡು ಕಷ್ಟದ ವಿಷಯ ಮಾತ್ರ ಮುಗ್ಸಿ, ಹತ್ತು ಪ್ರಶ್ನೆ ಬಾಯಿಗೆ ಬಂದ್ರೂ ಅದು ಗೆಲುವೇ, ಹಾಗಂತ ಮಗುಗೆ ಬಾಯ್ಬಿಟ್ಟು ಹೇಳಿ. ಆದ್ರೆ ಎಪ್ಪತ್ತು ಎಂಬತ್ತು ತೆಗೆಯೋ ಮಗುಗೆ ಪಾಸಿಂಗ್ ಪ್ಯಾಕೇಜ್ ಕೊಡೋದು ತಪ್ಪು, ಸುಲಭ ಅಂತ ಅಲ್ಲೇ ನಿಂತುಬಿಡತ್ತೆ.

ತುಂಡು ರಜೆಗಳಲ್ಲಿ ಹೊಸದೇನೂ ಹಿಡೀಬೇಡಿ. ಗಣೇಶ, ದೀಪಾವಳಿ ಅಂದ್ರೆ ಮನೆ ತುಂಬಾ ಜನ, ಹಬ್ಬ ಮಾಡ್ಲಿ ಮಕ್ಕಳು. ಸಂಕ್ರಾಂತಿ ಹೊತ್ತಿಗೆ ಮಾತ್ರ ಪ್ರಿಪರೇಟರಿ ಹತ್ರ ಇರತ್ತೆ, ಎಳ್ಳು ಬೆಲ್ಲ ಬೀರಿ ಬಂದ್ಮೇಲೆ ಒಂದು ಪೂರ್ತಿ ಪೇಪರ್ ಗಡಿಯಾರ ಇಟ್ಕೊಂಡು ಬರೆಸಿದ್ರೆ ಸಾಕು.

ರಿಸಲ್ಟ್ ಆದ್ಮೇಲಿನ ರಜೆ

ಪರೀಕ್ಷೆ-1, 2, 3 ಅಂತ ಮೂರು ಅವಕಾಶ 2023-24ರಲ್ಲಿ ಬಂತು, ಬರೆದಿದ್ರಲ್ಲಿ ಯಾವ್ದರಲ್ಲಿ ಜಾಸ್ತಿ ಬಂತೋ ಆ ಅಂಕನೇ ಉಳಿಯತ್ತೆ. ಹಾಗಾಗಿ ಫೇಲಾದವ್ರಿಗೆ ಮಾತ್ರ ಅಲ್ಲ, ಪಾಸಾಗಿ ಒಂದು ವಿಷಯದಲ್ಲಿ ಕಮ್ಮಿ ಬಂದೋರಿಗೂ ಇದು ಬಾಗಿಲು. 2025ರಲ್ಲಿ ಮೇ 2ಕ್ಕೆ ರಿಸಲ್ಟ್ ಬಂತು, ಮೇ 26ಕ್ಕೆ ಪರೀಕ್ಷೆ-2 ಶುರುವಾಯ್ತು, ಮಧ್ಯೆ 23 ದಿನ. ಮದುವೆ, ಗೃಹಪ್ರವೇಶ, ನೆಂಟರ ಊಟದ ಸೀಸನ್, ಹೋದಲ್ಲೆಲ್ಲಾ ಎಷ್ಟು ಬಂತು ಎಷ್ಟು ಬಂತು ಅಂತ ಕೇಳ್ತಾರೆ, ಫೇಲಾದ ಮಗುನ ಅಲ್ಲಿಗೆಲ್ಲಾ ಕರ್ಕೊಂಡು ಹೋಗ್ಬೇಡಿ, ಒಂದು ಮದುವೆ ತಪ್ಪಿದ್ರೆ ಏನೂ ಆಗಲ್ಲ.

ಈ ರಜೆಲಿ ಆಯ್ಕೆ ಸುಲಭ. ಒಂದೆರಡು ವಿಷಯ ಹೋಗಿದ್ರೆ ಅದೇ ಸ್ಕೂಲಿನ ಮೇಷ್ಟ್ರನ್ನ ಹಿಡೀರಿ, ಹೊಸ ಟ್ಯೂಷನ್ ಹುಡುಕ್ತಾ ಕೂತ್ರೆ ಐದು ದಿನ ಹೋಗತ್ತೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿಗೆ ಅರ್ಜಿ ಹಾಕಿ ತರಿಸ್ಕೊಳ್ಳಿ, ದಸರಾಲಿ ಮಿಡ್‌ಟರ್ಮ್ ಪೇಪರಿಗೆ ಮಾಡಿದ ಕೆಲಸನೇ ಇದಕ್ಕೂ ಮಾಡಿ, ಎಲ್ಲಿ ಹೋಯ್ತು ಅಂತ ಕೆಂಪು ಪೆನ್ನಲ್ಲಿ ಬರ್ಕೊಂಡು ಅದಷ್ಟನ್ನೇ ಓದಿಸಿ. ನಾಲ್ಕು ವಿಷಯದ ಮೇಲೆ ಹೋಗಿದ್ರೆ ಎಲ್ಲಾನೂ ಪರೀಕ್ಷೆ-2ರಲ್ಲೇ ಆಗ್ಬೇಕು ಅಂತ ಹಠ ಬೇಡ, ಸುಲಭದ ಎರಡಕ್ಕೆ ಈಗ ಜೋರಾಗಿ ತಯಾರಾಗಿ, ಉಳಿದಿದ್ದು ಅದರ ಮುಂದಿನ ಪರೀಕ್ಷೆಗೆ. ಪರೀಕ್ಷೆ-2ರ ಅರ್ಜಿ ಸ್ಕೂಲಿಂದಲೇ ಹೋಗ್ಬೇಕು, ಕೊನೆ ದಿನ ರಿಸಲ್ಟ್ ಬಂದ ಕೆಲವೇ ದಿನಕ್ಕೆ ಇರತ್ತೆ, ಅದಕ್ಕೆ ರಿಸಲ್ಟಿನ ಮಾರನೇ ದಿನವೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಕೇಳ್ಕೊಳ್ಳಿ.